ಹೆಬ್ಬಾಳದಲ್ಲಿದೀನಿ ಸಾರ್

ಯಲಹಂಕ ನ್ಯೂಟೌನಿನಲ್ಲಿ ಯಾರನ್ನಾದರೂ ಸಂಬಳ ಎಷ್ಟು ಅಂತ ಕೇಳಿ, ಹೇಳಿಬಿಡುತ್ತಾರೆ. ಮಗಳ ಜಾತಕ ಕೇಳಿ, ಜೆರಾಕ್ಸ್ ಮಾಡಿಸಿ ಕೊಡುತ್ತಾರೆ. ‘ನಿಮ್ಮನೆಗೆ ನಲ್ಲಿ ರಿಪೇರಿಗೆ ಒಬ್ಬ ಬರ್ತಾನಲ್ಲ, ಅವನ ನಂಬರ್ ಕೊಡಿ’ ಅಂದುನೋಡಿ. ‘ಅಯ್ಯೋ, ಅವನು ಊರಿಗೆ ಹೋಗಿದಾನಂತೆ’ ಅನ್ನುತ್ತಾರೆ. ಅದೇ ಹೊತ್ತಿಗೆ ಅವರ ಬಚ್ಚಲಿನೊಳಗಿಂದ ಅವನು ಟೈಲ್ಸ್ ಕುಟ್ಟುವ ಸದ್ದು ಕೇಳುತ್ತಿರುತ್ತದೆ.

ಅವರದೇನೂ ತಪ್ಪಿಲ್ಲ ಬಿಡಿ. ಸಣ್ಣಪುಟ್ಟ ರಿಪೇರಿಗೆ ಕರೆದರೆ ಬರುವ ಮನುಷ್ಯ ಎಂದರೆ ಈ ಊರಿನಲ್ಲಿ ಸೈಟಿಗಿಂತ ದೊಡ್ಡ ಆಸ್ತಿ. ಅಂಥವನನ್ನು ಹುಡುಕಿ ಸೋತ ಚರಿತ್ರೆ ನಮ್ಮೆಲ್ಲರ ಮೊಬೈಲಿನಲ್ಲೂ ಇದೆ: ‘ಪ್ಲಂಬರ್ ಹಳಬ’, ‘ಪ್ಲಂಬರ್ ಎತ್ತಲ್ಲ’, ‘ಎಲೆಕ್ಟ್ರಿಷಿಯನ್ ಜಗಳ’, ‘ಕಾರ್ಪೆಂಟರ್ ಅಡ್ವಾನ್ಸ್ ತಗೊಂಡ’. ಇವೆಲ್ಲ ದಾಟಿದ ಮೇಲೆ ಒಂದೇ ಒಂದು ಹೆಸರು, ‘ಆಲ್ ವರ್ಕ್ ಒಳ್ಳೆಯವನು’. ನಾನು ಹೇಳಹೊರಟಿರುವುದು ಇವನ ಸಂಗತಿ. ಇಂಥವನು ನಿಮ್ಮ ಬೀದಿಯಲ್ಲೂ ಒಬ್ಬ ಇದ್ದಾನೆ.

ಟಿವಿಎಸ್ ಎಕ್ಸೆಲ್ ಮುಂದೆ ಸಿಮೆಂಟಿನ ಚೀಲ, ಅದರೊಳಗೆ ಪೈಪ್ ರೆಂಚು, ಕಟಿಂಗ್ ಪ್ಲೇಯರ್, ಆಕ್ಸಾ ಬ್ಲೇಡು. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಇವನದು ಟೆಸ್ಟರ್. ಅಟ್ಟೂರಿನಿಂದ ಆರ್.ಟಿ. ನಗರದವರೆಗೂ ಇವನ ಸಾಮ್ರಾಜ್ಯ. ಕೋಗಿಲಿನಲ್ಲಿ ತೆಲುಗು, ಸುಲ್ತಾನ್‌ಪಾಳ್ಯದಲ್ಲಿ ಉರ್ದು, ಥಣಿಸಂದ್ರದ ಅಪಾರ್ಟ್‌ಮೆಂಟುಗಳಲ್ಲಿ ಹಿಂದಿ. ಬೈಯುವುದು ಮಾತ್ರ ಕನ್ನಡದಲ್ಲೇ, ಅದೂ ಪೈಪನ್ನು.

ಫೋನು ಮಾಡಿದರೆ ಎತ್ತುತ್ತಾನೆ. ಇದು ಇವನ ದೊಡ್ಡ ಗುಣ. ‘ಬಂದೆ ಸಾರ್, ಹೆಬ್ಬಾಳದಲ್ಲಿದೀನಿ, ಜಾಮು’ ಅನ್ನುತ್ತಾನೆ. ಇಲ್ಲ ಅನ್ನಲು ನೀವ್ಯಾರು? 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಬಂದಾಗ ಇನ್ನು ಜಾಮೇ ಇಲ್ಲ ಅಂದುಕೊಂಡಿದ್ದವರೆಲ್ಲ ಈಗ ಅದರ ಮೇಲೇ ನಿಂತಿದ್ದಾರೆ. ಅವರ ನಡುವೆ ಇವನೂ ಇರಬಹುದು, ಇಲ್ಲದೆಯೂ ಇರಬಹುದು. ಮೇಖ್ರಿ ವೃತ್ತದ ಹತ್ತಿರ ಕೆಂಪೇಗೌಡರ ಹೆಸರಿನ ಉತ್ತರ ದಿಕ್ಕಿನ ಗಡಿಗೋಪುರ ಇದೆಯಲ್ಲ, ಅದನ್ನು ಹತ್ತಿ ನೋಡಿದರೆ ತಿಳಿದೀತೋ ಏನೋ. ಹೆಬ್ಬಾಳ ಹಳತಾಯಿತು ಅನಿಸಿದ ದಿನ ಯಶವಂತಪುರ ಯಾರ್ಡಿನ ಮುಂದೆ ಈರುಳ್ಳಿ ಲಾರಿ ಅಡ್ಡ ನಿಲ್ಲುತ್ತದೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಅವನಿಗೆ ಸುಗ್ಗಿ, ಯಲಹಂಕ ವಾಯುನೆಲೆಯಲ್ಲಿ ಏರ್ ಶೋ. ‘ಕೇಳಿಸ್ತಿದೆಯಾ ಸಾರ್ ವಿಮಾನ? ರೋಡ್ ಬಂದ್ ಮಾಡಿದಾರೆ’ ಅಂತ ಫೋನನ್ನು ಆಕಾಶಕ್ಕೆ ಹಿಡಿಯುತ್ತಾನೆ. ಅದೇ ವಿಮಾನ ನಮ್ಮ ತಾರಸಿಯ ಮೇಲೂ ಗುಡುಗಿಕೊಂಡು ಹೋಗುತ್ತಿರುವುದರಿಂದ ಅವನು ಎಲ್ಲಿದ್ದಾನೆ ಅಂತ ಗೊತ್ತಾಗುವುದಿಲ್ಲ. ನಮ್ಮ ಪಕ್ಕದ ಬೀದಿಯಲ್ಲೇ ಇದ್ದರೂ ಇರಬಹುದು.

ನೀವು ಆಸೆ ಬಿಟ್ಟ ದಿನ ಅವನು ಬಾಗಿಲಲ್ಲಿರುತ್ತಾನೆ. ಆ ದಿನ ಬೀಗರು ಊಟಕ್ಕೆ ಬಂದಿರುತ್ತಾರೆ, ಇಲ್ಲವೇ ಸತ್ಯನಾರಾಯಣ ಪೂಜೆಯ ಸಂಕಲ್ಪ ಆಗಿರುತ್ತದೆ. ಬಾಳೆಲೆ ದಾಟಿಕೊಂಡು ಸೀದಾ ಬಚ್ಚಲಿಗೆ ನಡೆದು, ನಲ್ಲಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಮಾತಿಲ್ಲ. ಮನೆಯವರೆಲ್ಲ ಹಿಂದೆ ಸೇರುತ್ತಾರೆ. ಕೊನೆಗೆ ನಿಟ್ಟುಸಿರು ಬಿಟ್ಟು, ‘ಯಾರಕ್ಕಾ ಇದನ್ನ ಮಾಡಿದ್ದು?’ ಅನ್ನುತ್ತಾನೆ. ಹೋದ ವರ್ಷ ನೀನೇ ಕಣಪ್ಪ ಅನ್ನುವ ಧೈರ್ಯ ಯಾರಿಗೂ ಇಲ್ಲ. ಅಂದರೆ ಹೊರಟುಬಿಟ್ಟಾನು. ‘ಯಾರೋ ಒಬ್ಬ ಬಂದಿದ್ದ’ ಅಂತ ಯಜಮಾನರು ತಲೆ ತಗ್ಗಿಸುತ್ತಾರೆ. ‘ಅವನಿಗೆ ಕೆಲಸ ಬರಲ್ಲ’ ಅಂತ ತೀರ್ಪಾಗುತ್ತದೆ.

ಆಮೇಲೆ ಹೆದರಿಸುವ ಕಾರ್ಯಕ್ರಮ. ಹೌಸಿಂಗ್ ಬೋರ್ಡಿನ ಹಳೇ ಮನೆ, ಗೋಡೆಯೊಳಗೆ ಜಿ.ಐ. ಪೈಪು, ಒಳಗೆಲ್ಲ ತುಕ್ಕು. ‘ಇದನ್ನ ಮುಟ್ಟಿದ್ರೆ ಒಳಗೇ ಮುರ್ಕೊಳ್ಳುತ್ತೆ ಅಕ್ಕ. ಗೋಡೆ ಒಡೀಬೇಕು. ಈ ಟೈಲ್ಸು ಈಗ ಸಿಗಲ್ಲ.’ ಯಜಮಾನತಿ ಗೋಡೆ ಹಿಡಿದುಕೊಳ್ಳುತ್ತಾರೆ. ಅವನು ಹೇಳಿದ್ದರಲ್ಲಿ ಸುಳ್ಳೊಂದೂ ಇಲ್ಲ, ಅದೇ ಕಷ್ಟ.

ಇಷ್ಟಾಗಿ ಕೆಲಸಕ್ಕೆ ಕೂತನೆಂದರೆ ನೋಡಬೇಕು. ತೊಟ್ಟಿಯ ಗೇಟ್ ವಾಲ್ವ್ ಎಂದೋ ಹಿಡಿದುಕೊಂಡಿದೆ, ತಿರುಗುವುದಿಲ್ಲ. ತೊಟ್ಟಿ ತುಂಬಾ ಟ್ಯಾಂಕರಿಗೆ ದುಡ್ಡು ಕೊಟ್ಟ ನೀರು, ಹರಿಯಬಿಡುವಂತಿಲ್ಲ. ತಾರಸಿಗೆ ಹತ್ತಿ, ಕೋಲಿಗೆ ಹಳೇ ಪಂಚೆಯ ತುಂಡು ಸುತ್ತಿ, ತೊಟ್ಟಿಯೊಳಗೆ ಭುಜದವರೆಗೂ ಕೈಬಿಟ್ಟು ತೂತಿಗೆ ತುರುಕಿ ಬರುತ್ತಾನೆ. ಬೋರ್‌ವೆಲ್ ನೀರಿನ ಉಪ್ಪು ನಲ್ಲಿಯ ಕುತ್ತಿಗೆಗೆ ಬೆಳ್ಳಗೆ ಕಟ್ಟಿರುತ್ತದೆ. ಒಮ್ಮೆಗೇ ರೆಂಚು ಹಾಕುವುದಿಲ್ಲ. ಮೊದಲು ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತಾನೆ, ಪುಡಿ ಉದುರುತ್ತದೆ. ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ, ಮತ್ತೆ ಹಿಂದಕ್ಕೆ. ಗೋಡೆ ಹಿಡಿದುಕೊಂಡಿದ್ದ ಯಜಮಾನತಿ ಉಸಿರೂ ಹಿಡಿದುಕೊಳ್ಳುತ್ತಾರೆ. ನಲ್ಲಿ ಬಂತು, ಪೈಪು ಉಳಿಯಿತು. ನಲ್ಲಿಯ ತಿರುಪಿನ ಮರೆಯ ಮೇಲೆ ಬಿಳಿ ಟೇಪನ್ನು ಹೆಬ್ಬೆರಳಲ್ಲಿ ಒತ್ತಿಕೊಂಡು, ನಲ್ಲಿ ತಿರುಗಿ ಕೂರುವ ದಿಕ್ಕಿಗೆ ತಕ್ಕಂತೆ ಬಿಗಿಯಾಗಿ ಸುತ್ತುತ್ತಾನೆ. ತಿರುವುಮುರುವಾದರೆ ಬಿಗಿಮಾಡುವಾಗ ಟೇಪು ಬಿಚ್ಚಿಕೊಂಡು ಬರುತ್ತದೆ, ಸಂಜೆಗೆ ಮತ್ತೆ ತೊಟತೊಟ. ನೀರು ಬಿಟ್ಟ ಮೇಲೆ ಒಣ ಕಾಗದ ಹಚ್ಚಿ ನೋಡುತ್ತಾನೆ. ಕಾಗದ ಒದ್ದೆಯಾಗದಿದ್ದರೆ ಮಾತ್ರ ಬೀಡಿಗೆ ಹೊರಗೆ ಹೋಗುತ್ತಾನೆ.

ಈಗ ನಮ್ಮ ಸರದಿ. ಹಾಗೇ ಈ ಫೋಟೋಗೊಂದು ಮೊಳೆ ಹೊಡೆದುಬಿಡಪ್ಪ. ಹಾಗೇ ಈ ಸ್ವಿಚ್ಚು ನೋಡು. ಹಾಗೇ ಕಿಟಕಿಯ ಚಿಲಕ, ಮಿಕ್ಸಿಯ ವೈರು, ಅಜ್ಜಿಯ ಮಂಚದ ಕಾಲು. ‘ಹಾಗೇ’ ಅಂದರೆ ಬಿಟ್ಟಿ ಎಂಬ ತಿಳಿವಳಿಕೆ ಎರಡೂ ಕಡೆ ಇದೆ. ಆ್ಯಪಿನಲ್ಲಿ ಕರೆಸಿದ ಹುಡುಗರಿಗೆ ಈ ವಿದ್ಯೆ ತಿಳಿಯದು. ಹೇಳಿದ ಸಮಯಕ್ಕೆ ಯೂನಿಫಾರಂ ಹಾಕಿಕೊಂಡು ಬರುತ್ತಾರೆ ನಿಜ, ಆದರೆ ನಲ್ಲಿಗೆ ಬಂದವರು ಮೊಳೆ ಮುಟ್ಟುವುದಿಲ್ಲ. ಮೊಳೆಗೆ ಬೇರೆ ಬುಕಿಂಗು.

ದುಡ್ಡೆಷ್ಟು ಅಂತ ಕೇಳಿದರೆ ‘ನೀವೇ ನೋಡಿ ಕೊಡಿ ಸಾರ್’ ಅಂತ ಗೋಡೆ ನೋಡುತ್ತಾನೆ. ಇಷ್ಟು ಕಷ್ಟದ ಪ್ರಶ್ನೆ ಪತ್ರಿಕೆ ಬೇರೆ ಇಲ್ಲ. ಮುನ್ನೂರು ಕೊಟ್ಟರೆ ನೋಟನ್ನು ಬೆಳಕಿಗೆ ಹಿಡಿಯುತ್ತಾನೆ. ಐನೂರು ಕೊಟ್ಟರೆ ‘ಪೆಟ್ರೋಲಿಗೆ?’ ಅನ್ನುತ್ತಾನೆ. ಓರಾಯನ್ ಮಾಲಿನಲ್ಲಿ ಪಾಪ್‌ಕಾರ್ನಿಗೆ ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟು ಬಂದ ಯಜಮಾನರು ಇಲ್ಲಿ ಐವತ್ತು ರೂಪಾಯಿಗೆ ಭೀಷ್ಮಪ್ರತಿಜ್ಞೆ ಮಾಡುತ್ತಾರೆ.

ಅವನು ಮೋಸಗಾರನಲ್ಲ. ಬರಲ್ಲ ಅಂತ ಹೇಳಲು ಅವನಿಗೆ ನಾವು ಬಿಟ್ಟಿಲ್ಲ, ಅಷ್ಟೇ. ಒಮ್ಮೆ ಇಲ್ಲ ಅಂದರೆ ನಂಬರು ‘ಪ್ಲಂಬರ್ ಎತ್ತಲ್ಲ’ದ ಸಾಲಿಗೆ ಇಳಿದುಹೋಗುತ್ತದೆ. ಎಲ್ಲ ಮನೆಗೂ ಭಾನುವಾರ ಬೆಳಿಗ್ಗೆಯೇ ಬೇಕು, ಎಲ್ಲ ಮೋಟರೂ ಕಾವೇರಿ ನೀರು ಬಿಡುವ ದಿನವೇ ಕೆಡುವುದು. 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗೆಲ್ಲ ನೀರು ಉಳಿಸುವ ಏರೇಟರ್ ಹಾಕಿಸಿ ಅಂತ ಗಡುವು ಕೊಟ್ಟಿತಲ್ಲ, ಆಗಂತೂ ಮದುವೆ ಛತ್ರಕ್ಕಿಂತ ಇವನ ಡೇಟು ಸಿಗುವುದು ಕಷ್ಟವಾಗಿತ್ತು. ಆಗಲೂ ಯಾರಿಗೂ ಇಲ್ಲ ಅನ್ನಲಿಲ್ಲ. ಎಲ್ಲರಿಗೂ ಹೆಬ್ಬಾಳದಲ್ಲೇ ಇದ್ದ.

ಇವನನ್ನು ಬರುವಂತೆ ಮಾಡುವ ಉಪಾಯ ಒಂದೇ, ಮತ್ತದು ಅವನೇ ಬಿಟ್ಟುಹೋಗುವಂಥದ್ದು. ಹೊರಡುವಾಗ ಚೀಲ ಭಾರವಾಗಿ, ‘ಇದಿಲ್ಲೇ ಇರ್ಲಿ ಅಕ್ಕ, ನಾಳೆ ತಗೊಂಡು ಹೋಗ್ತೀನಿ’ ಅಂತ ಯಾವುದಾದರೂ ಸಾಮಾನು ಇಟ್ಟು ಹೋಗುತ್ತಾನೆ. ಪೈಪ್ ರೆಂಚು ಇದ್ದರೆ ವಾರದೊಳಗೆ ಬಂದಾನು. ಏಣಿಗೆ ಅಷ್ಟು ಬೆಲೆ ಇಲ್ಲ, ಏಣಿ ಅವನಿಗೆ ಬೀದಿಗೊಂದಿದೆ. ಡ್ರಿಲ್ಲಿಂಗ್ ಮಿಷನ್ ಇದ್ದ ಮನೆಗೆ ಮಾತ್ರ ಬಂದೇ ಬರುತ್ತಾನೆ, ಅದಿಲ್ಲದೆ ಅವನಿಗೆ ಬೇರೆ ಕಡೆ ಸಂಪಾದನೆ ಇಲ್ಲ. ಈ ಗುಟ್ಟು ಬೀದಿಗೆಲ್ಲ ಗೊತ್ತು. ಮೊನ್ನೆ ಎದುರು ಮನೆಯವರು ಗೇಟಿನಲ್ಲೇ ನಿಂತು ದನಿ ತಗ್ಗಿಸಿ ಕೇಳಿದರು:

‘ಅವನ ಡ್ರಿಲ್ಲಿಂಗ್ ಮಿಷನ್ ನಿಮ್ಮನೇಲಿದೆಯಂತೆ?’

‘ಇದೆ.’

‘ಎರಡು ದಿನ ನಮ್ಮನೇಲಿ ಇಟ್ಕೊಳ್ಳಲಾ?’

‘ಯಾಕ್ರೀ, ಗೋಡೆಗೆ ಏನಾದ್ರೂ ಹಾಕಿಸ್ಬೇಕಿತ್ತಾ?’

‘ಇಲ್ಲ ಇಲ್ಲ, ಗೀಸರ್ ಕೆಟ್ಟಿದೆ.’