ಗಾಳಿ ಬಿಡುವ ಕಾನೂನು

ಪಕ್ಕದ ಮನೆಯ ಶಿರಸ್ತೇದಾರರು ಕೋರ್ಟಿನ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಕಲಮುಗಳು ಅವರನ್ನು ಬಿಟ್ಟಿಲ್ಲ. ಕಾಂಪೌಂಡ್ ಗೋಡೆಯಾಚೆ ದಾಸವಾಳ ಕೀಳುತ್ತಾ ಸೆಕ್ಷನ್ ಹೇಳುವವರು. ಈಗ ಮಗಳ ಮನೆಗೆಂದು ಲಂಡನ್ನಿಗೆ ಹೋಗಿ ಬಂದ ಮೇಲೆ ಅಲ್ಲಿನ ಸೆಕ್ಷನ್ನುಗಳೂ ಸೇರಿಕೊಂಡಿವೆ.

“ಮೇಷ್ಟ್ರೇ, ಅಲ್ಲಿ ನಂಗೆ ಬಸ್ಸು ಕಾರಿನ ಭಯ ಆಗ್ಲಿಲ್ಲ. ಭಯ ಆಗಿದ್ದು ಸೈಕಲ್ದು!” ಅಂದರು.

ನಗು ಬಂತು. ಸೈಕಲ್ಲಿಗೆ ಹೆದರಿದ ಮನುಷ್ಯನನ್ನು ಮೈಸೂರಿನಲ್ಲಿ ನಾನು ನೋಡಿಲ್ಲ.

“ನಗಬೇಡ್ರೀ. ಹಾಲಿನ ಕ್ಯಾನ್ ನೇತು ಹಾಕ್ಕೊಂಡು ಬರೋ ನಮ್ಮ ಅಟ್ಲಾಸ್ ಸೈಕಲ್ ಅಲ್ಲ ಅದು. ರೀಜೆಂಟ್ಸ್ ಪಾರ್ಕ್ ಅಂತ ಇದೆ, ಅದರ ಸುತ್ತಿನ ರಸ್ತೇಲಿ ಗುಂಪು ಕಟ್ಕೊಂಡು ಓಡಿಸ್ತಾರೆ. 2022ರಲ್ಲಿ ನಾಯಿ ಹಿಡ್ಕೊಂಡು ರಸ್ತೆ ದಾಟ್ತಿದ್ದ 81 ವರ್ಷದ ಅಜ್ಜಿಗೆ ಅಂಥ ಗುಂಪಿನ ಸೈಕಲ್ ಒಂದು ಡಿಕ್ಕಿ ಹೊಡೀತು. ಆಕೆ ಹೆಚ್ಚೂಕಡಿಮೆ ಎರಡು ತಿಂಗಳು ನರಳಿ ತೀರಿಕೊಂಡ್ರು. ಆ ರಸ್ತೇಲಿ ಗಂಟೆಗೆ 20 ಮೈಲಿ ಅಂತ ಬೋರ್ಡಿದೆ. ಸೈಕಲ್ ಬರ್ತಿದ್ದದ್ದು 25ರಿಂದ 29 ಮೈಲೀಲಿ. ಕೇಸ್ ಏನಾಯ್ತು ಹೇಳಿ?”

“ದಂಡ ಕಟ್ಟಿಸ್ಕೊಂಡಿರ್ತಾರೆ.”

“ಅದೂ ಇಲ್ಲ! ಆ ಬೋರ್ಡು ಮೋಟಾರು ಗಾಡಿಗಂತೆ, ಸೈಕಲ್ಲಿಗೆ ಅನ್ವಯ ಆಗಲ್ವಂತೆ. ಶಿಕ್ಷೆ ಆಗೋ ಹಾಗೆ ಸಾಕ್ಷ್ಯ ಇಲ್ಲ ಅಂತ ಪೊಲೀಸರು ಕೈಬಿಟ್ರು.”

ಅದಕ್ಕೂ ಮುಂಚಿನ ಇನ್ನೊಂದು ಕೇಸು ಶಿರಸ್ತೇದಾರರಿಗೆ ಬಾಯಿಪಾಠ. 2016ರಲ್ಲಿ ಲಂಡನ್ನಿನ ಓಲ್ಡ್ ಸ್ಟ್ರೀಟಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳಿಗೆ ಹದಿನೆಂಟರ ಹುಡುಗ ಸೈಕಲ್ಲಿನಿಂದ ಗುದ್ದಿದ. ಆಕೆ ಬದುಕಲಿಲ್ಲ. ಅವನದು ಓಟದ ಅಂಕಣಕ್ಕೆಂದೇ ಮಾಡಿದಂಥ ಸೈಕಲ್ಲು, ಮುಂದಿನ ಚಕ್ರಕ್ಕೆ ಬ್ರೇಕೇ ಇರಲಿಲ್ಲ. ಬೀದಿಯಲ್ಲಿ ಓಡಿಸುವ ಸೈಕಲ್ಲಿಗೆ ಮುಂದಿನ ಬ್ರೇಕು ಇರಲೇಬೇಕೆಂದು ಅಲ್ಲಿ 1983ರ ನಿಯಮವಿದೆ. ನರಹತ್ಯೆಯ ಆರೋಪ ನಿಲ್ಲಲಿಲ್ಲ. ನಿಂತದ್ದು ಅದರ ಜೊತೆ ಹಚ್ಚಿದ್ದ 1861ರ ಕಾನೂನು. ಕುದುರೆಗಾಡಿಯವರು ಮೈಮೇಲೆ ಎಚ್ಚರವಿಲ್ಲದೆ ಗಾಡಿ ಓಡಿಸಿ ಜನಕ್ಕೆ ಪೆಟ್ಟುಮಾಡಿದರೆ ಹಿಡಿಯಲೆಂದು ಬರೆದದ್ದು, ಗರಿಷ್ಠ ಎರಡು ವರ್ಷ. ಅದರಡಿ ಅವನಿಗೆ 18 ತಿಂಗಳಾಯಿತು.

ಅಪಾಯಕಾರಿ ಸೈಕಲ್ ಸವಾರಿಗೆಂದೇ ಬ್ರಿಟನ್ನಿನಲ್ಲಿ 1988ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಕಲಮೊಂದಿದೆ, ಆದರೆ ಅದಕ್ಕೆ ದಂಡವಷ್ಟೇ, ಹೆಚ್ಚೆಂದರೆ 2,500 ಪೌಂಡ್. ಆಗ ಜೀವ ಹೋದರೂ ಅದರಡಿ ಅಷ್ಟೇ. ಓಲ್ಡ್ ಸ್ಟ್ರೀಟಿನಲ್ಲಿ ಹೆಂಡತಿಯನ್ನು ಕಳೆದುಕೊಂಡ ಗಂಡ ವರ್ಷಗಟ್ಟಲೆ ಹೊಸ ಕಾನೂನು ಕೇಳುತ್ತ ಅಲೆದ. 2024ರಲ್ಲಿ ಸಂಸದ ಇಯಾನ್ ಡಂಕನ್ ಸ್ಮಿತ್ ಮಸೂದೆಯೊಂದಕ್ಕೆ ಹದಿನಾಲ್ಕು ವರ್ಷದ ಶಿಕ್ಷೆಯ ತಿದ್ದುಪಡಿ ತಂದರು, ಸರ್ಕಾರ ಹೂಂ ಅಂದಿತು, ಅಷ್ಟರಲ್ಲಿ ಚುನಾವಣೆ ಘೋಷಣೆಯಾಗಿ ಮಸೂದೆ ಬಿದ್ದುಹೋಯಿತು. ಆಮೇಲೆ ಬಂದ ಲೇಬರ್ ಸರ್ಕಾರದ 2025ರ ಮಸೂದೆಯಲ್ಲಿ ಆ ಶಿಕ್ಷೆ ಜೀವಾವಧಿಯವರೆಗೆ ಏರಿತು.

“ಜೀವಾವಧಿ ಜಾಸ್ತಿ ಆಯ್ತಲ್ವಾ?” ಅಂದೆ.

“ಕಾರಿನವನಿಗೆ ಜೀವಾವಧಿ ಅಂದ್ರೆ ಸೈಕಲ್ಲಿನವನಿಗೂ ಅದೇ. ಸತ್ತೋರಿಗೆ ಚಕ್ರ ಎರಡಾ ನಾಲ್ಕಾ ಅಂತ ಲೆಕ್ಕ ಇರುತ್ತಾ?”

ಈ ಮಾತಿಗೆ ಎದುರಾಡುವುದು ಕಷ್ಟ. ಮನೆಯವರನ್ನು ಕಳಕೊಂಡವರ ಮುಂದೆ ಕುದುರೆಗಾಡಿಯ ಕಾನೂನು ಹಿಡಿಯುವುದು ಅವಮಾನವೇ. ಕಾನೂನು ಆಗಲಿ. ಆದರೆ ಅದರ ಸುತ್ತ ಎದ್ದ ಗದ್ದಲ ನನಗೆ ಸೇರುವುದಿಲ್ಲ. ಬ್ರಿಟನ್ನಿನಲ್ಲಿ ವರ್ಷಕ್ಕೆ ನಾನೂರರ ಆಸುಪಾಸು ಪಾದಚಾರಿಗಳು ರಸ್ತೆಯಲ್ಲಿ ಸಾಯುತ್ತಾರೆ. ಅದರಲ್ಲಿ ಸೈಕಲ್ ಗುದ್ದಿ ಸಾಯುವವರನ್ನು ಬೆರಳಲ್ಲಿ ಎಣಿಸಬಹುದು. ಮಿಕ್ಕವರೆಲ್ಲ ಹೆಚ್ಚುಕಡಿಮೆ ಮೋಟಾರು ಗಾಡಿಯ ಪಾಲು. ಆ ಸಾವುಗಳಿಗೆ ಪತ್ರಿಕೆಯ ಒಳಪುಟ, ಸೈಕಲ್ಲಿನ ಸಾವಿಗೆ ಮುಖಪುಟ. ಕಾರಿನೊಳಗೆ ಕೂತವರಿಗೆ ಸೈಕಲ್ಲಿನವರ ಮೇಲೆ ಮೊದಲೇ ಇದ್ದ ಸಿಟ್ಟು ಇದರಲ್ಲಿ ಸೇರಿಲ್ಲ ಎಂದರೆ ನಾನು ನಂಬಲಾರೆ.

“ನಮ್ಮಲ್ಲಿ ಇದೆಲ್ಲ ಆವಾಗ್ಲೇ ಇತ್ತು ಬಿಡಿ,” ಶಿರಸ್ತೇದಾರರ ಎದೆ ಉಬ್ಬಿತು. “1860ರ ಪೀನಲ್ ಕೋಡು, 279. ಸಾರ್ವಜನಿಕ ದಾರೀಲಿ ‘ಯಾವುದೇ ವಾಹನ’. ಸೈಕಲ್ಲೂ ಬಂತು, ಎತ್ತಿನಗಾಡೀನೂ ಬಂತು. ಸವಾರಿ ಅಂತ ಬೇರೆ ಸೇರಿಸಿದಾರೆ, ಕುದುರೇನೂ ಬಂತು. ಈಗ ನ್ಯಾಯ ಸಂಹಿತೇಲಿ 281. ಆರು ತಿಂಗಳು, ಇಲ್ಲಾ ಸಾವಿರ ರೂಪಾಯಿ, ಇಲ್ಲಾ ಎರಡೂ. ಜೀವ ಹೋದ್ರೆ 106, ಐದು ವರ್ಷ. ಆ 279ನ್ನ ಬ್ರಿಟಿಷರು ತಮ್ಮೂರಿನ ಆ ಕುದುರೆಗಾಡಿ ಕಾನೂನಿಗಿಂತ ಒಂದು ವರ್ಷ ಮುಂಚೆ ನಮಗೆ ಬರೆದುಕೊಟ್ಟಿದ್ರು!”

“279ಕ್ಕೆ ಹೆದರಿ ನೀವು ಯಾವತ್ತಾದ್ರೂ ಸೈಕಲ್ ನಿಧಾನ ಮಾಡಿದೀರಾ?”

“ಛೆ, ಆಗ 279 ಯಾರಿಗ್ರೀ ಗೊತ್ತಿತ್ತು?”

ಹೆದರುತ್ತಿದ್ದದ್ದು ಮೂಲೆಯಲ್ಲಿ ನಿಂತ ಪೇದೆಗೆ. ಕತ್ತಲಾದ ಮೇಲೆ ಡೈನಮೋ ಉರಿಯದಿದ್ದರೆ, ಹಿಂದೆ ಒಬ್ಬನನ್ನು ಕೂರಿಸಿಕೊಂಡು ‘ಡಬಲ್ಸ್’ ಹೊಡೆದರೆ ಆತ ಚೀಟಿ ಬರೆಯುತ್ತಿರಲಿಲ್ಲ. ಬಗ್ಗಿ ಎರಡೂ ಚಕ್ರದ ಗಾಳಿ ಬಿಡುತ್ತಿದ್ದ. ಇನ್ನೂ ಸಿಟ್ಟು ಬಂದರೆ ಟ್ಯೂಬಿನ ವಾಲ್ವನ್ನೇ ಜೇಬಿಗೆ ಇಳಿಸಿ “ನಡಿ ಮನೆಗೆ” ಅನ್ನುತ್ತಿದ್ದ. ಯಾವ ಸಂಹಿತೆಯಲ್ಲೂ ಇಲ್ಲದ ಶಿಕ್ಷೆ. ಪಂಕ್ಚರ್ ಅಂಗಡಿಯವನು ಬಾಗಿಲು ಹಾಕಿರುತ್ತಿದ್ದ, ಸೈಕಲ್ ತಳ್ಳಿಕೊಂಡು ಬಂದದ್ದನ್ನು ಬೀದಿಯವರೆಲ್ಲ ನೋಡುತ್ತಿದ್ದರು, ಮನೆಯಲ್ಲಿ ಅಪ್ಪನಿಂದ ಎರಡನೇ ವಿಚಾರಣೆ. ಸಿಕ್ಕಿಬೀಳುವುದು ಖಾತ್ರಿ ಎಂಬುದಕ್ಕೇ ಹೆದರಿಕೆ. ಪೇದೆಯ ದಬ್ಬಾಳಿಕೆ ಸರಿ ಅಂತ ಹೇಳುತ್ತಿಲ್ಲ, ಬಡಪಾಯಿ ಹಾಲಿನವನ ಗಾಳಿಯೂ ಹಾಗೇ ಹೋಗುತ್ತಿತ್ತು. ಆದರೆ ಆ ಓಲ್ಡ್ ಸ್ಟ್ರೀಟಿನ ಹುಡುಗನನ್ನು ಯಾರಾದರೂ ಹಿಂದಿನ ದಿನ ಹಿಡಿದು, ಬ್ರೇಕ್ ಹಾಕಿಸೋವರೆಗೆ ತಳ್ಳಿಕೊಂಡೇ ಹೋಗು ಅಂದಿದ್ದರೆ ಆಕೆ ಮಕ್ಕಳ ಜೊತೆ ಇರುತ್ತಿದ್ದಳೇನೋ. ಬ್ರೇಕಿನ ನಿಯಮ ಆಗಲೇ ಇತ್ತಲ್ಲ. ನೋಡುವವರಿರಲಿಲ್ಲ.

“ಅದಕ್ಕೇ ಹೇಳೋದು, ನಂಬರ್ ಪ್ಲೇಟ್ ಬೇಕು ಅಂತ,” ಶಿರಸ್ತೇದಾರರು ಬಿಡಲಿಲ್ಲ.

2022ರಲ್ಲಿ ಅಲ್ಲಿನ ಸಾರಿಗೆ ಸಚಿವ ಗ್ರಾಂಟ್ ಶಾಪ್ಸ್ ಸೈಕಲ್ಲಿಗೂ ನಂಬರು, ವಿಮೆ ಅಂತ ಬಾಯಿಬಿಟ್ಟು, ಜನ ಮುಗಿಬಿದ್ದ ಮೇಲೆ ಮಾತು ಹಿಂದಕ್ಕೆಳೆದುಕೊಂಡಿದ್ದರು. ನಮ್ಮಲ್ಲಿ ಹಾಗಲ್ಲ. ಮುನಿಸಿಪಾಲಿಟಿಗೆ ಕಾಸು ಕಟ್ಟಿ ಪ್ರತಿ ವರ್ಷ ಸೈಕಲ್ಲಿಗೆ ಬಿಲ್ಲೆ ಹಾಕಿಸುತ್ತಿದ್ದ ಕಾಲವೊಂದಿತ್ತು. ಬಿಲ್ಲೆ ತಪಾಸಣೆಯ ದಿನ ಊರಿಡೀ ಗಲ್ಲಿಗಳಲ್ಲೇ ಸಂಚಾರ.

“ಹೌದ್ರೀ ಮೇಷ್ಟ್ರೇ, ಆ ಬಿಲ್ಲೆ ಪದ್ಧತಿ ವಾಪಸ್ ತರಬೇಕು. ಕಡ್ಡಾಯ ಮಾಡ್ಬೇಕು. ಇಲ್ಲಾ ಅಂದ್ರೆ ಸೈಕಲ್ ಜಪ್ತಿ!”

“ಕಾರ್ಪೊರೇಷನ್ ಮುಂದೆ ಕ್ಯೂ ನಿಲ್ಲೋರು ಯಾರು?”

“ಸೈಕಲ್ ಇಟ್ಟೋರು ನಿಂತ್ಕೋತಾರೆ. ನಂಗೇನ್ರೀ, ನಂದನ್ನ ಗುಜರಿಗೆ ಹಾಕಿ ಎಷ್ಟು ಕಾಲ ಆಯ್ತು!”