ಉಂಡು ಮಲಗಿದವರು ಯಾರು?

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಈ ಗಾದೆ ಕಟ್ಟಿದವನು ಗಂಡಸೇ ಇರಬೇಕು. ಉಂಡವನೂ ಅವನೇ, ಮಲಗಿದವನೂ ಅವನೇ. ಬಡಿಸಿದವಳು ಒಲೆಯ ಮುಂದೆ ಮೂಗಿನ ರಕ್ತ ಒರೆಸಿಕೊಳ್ಳುತ್ತಿದ್ದಳು. ಕೌದಿಯೊಳಗಿನ ಕೂಸು ಕಣ್ಣು ಬಿಟ್ಟುಕೊಂಡೇ ಇತ್ತು. ಗಾದೆಯಲ್ಲಿ ಅವರಿಬ್ಬರ ಸುದ್ದಿಯೇ ಇಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಯಾವ ತಾಲೂಕಿನ ಯಾವ ಕಟ್ಟೆಗೆ ಹೋದರೂ ಈ ಗಾದೆ ಪುಕ್ಕಟೆ ಸಿಗುತ್ತದೆ. ಲಿಂಬಿಹಣ್ಣಿನ ದರ ಬಿದ್ದರೆ ಸಭೆ. ಕಾಲುವೆಗೆ ನೀರು ಬರದಿದ್ದರೆ ರಸ್ತೆ ತಡೆ. ಪಕ್ಕದ ಮನೆಯ ಬಾಣಂತಿಗೆ ಏಟು ಬಿದ್ದರೆ ಮಾತ್ರ ‘ಅವರ ಮನಿ ವಿಚಾರ’. ಅದೇ ಮನೆಯ ಹುಡುಗಿ ತನಗೆ ಬೇಕಾದವನ ಕೈ ಹಿಡಿದಳೋ, ಆಗ ಊರಿನ ವಿಚಾರ. 2017ರಲ್ಲಿ ಮುದ್ದೇಬಿಹಾಳ ತಾಲೂಕಿನ ಗುಂಡಕನಾಳದಲ್ಲಿ ಧರ್ಮ ಮೀರಿ ಮದುವೆಯಾದ ಗರ್ಭಿಣಿಯನ್ನು ಸುಟ್ಟು ಕೊಂದರು. ಸುಟ್ಟವರು ತವರಿನವರು. ಮರ್ಯಾದೆಗಾಗಿಯಂತೆ.

ಕನ್ನಡಿಗರು ಯಾವುದರಲ್ಲಿ ಮುಂದೆ ಎಂದು ಕೇಳುವವರಿಗೆ ಇಲ್ಲೊಂದು ಲೆಕ್ಕವಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 44 ಮಂದಿ ಗಂಡನ ಹಿಂಸೆ ಕಂಡವರು. ದೇಶಕ್ಕೇ ಮೊದಲ ಸ್ಥಾನ. ಹಿಂದಿನ ಸಮೀಕ್ಷೆಯಲ್ಲಿ ಅದು 21ರ ಆಸುಪಾಸು ಇತ್ತು. ಹೊಟ್ಟೆಯಲ್ಲಿ ಕೂಸಿದ್ದಾಗಲೇ ಏಟು ತಿಂದವರು ನೂರಕ್ಕೆ ಸುಮಾರು 6. ರಾಜ್ಯೋತ್ಸವದ ಭಾಷಣದಲ್ಲಿ ಈ ಸಾಧನೆಯನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಕೆಟ್ಟರೆ ಹೊಡೆಯಬಹುದೇ ಎಂದೂ ಅದೇ ಸಮೀಕ್ಷೆ ಕೇಳಿತು. ಇಂಥ ಯಾವುದಾದರೂ ಒಂದು ಕಾರಣಕ್ಕೆ ಹೊಡೆದರೆ ತಪ್ಪಿಲ್ಲ ಎಂದ ಗಂಡಸರು ನೂರಕ್ಕೆ 82. ಹೆಂಗಸರು 77. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮೂಳೆ ಮುರಿದರೂ ನಮ್ಮಲ್ಲಿ ಬಹುಮತವಿದೆ.

ಏಟು ತಾಯಿಯ ಬೆನ್ನಿಗಷ್ಟೇ ನಿಲ್ಲುವುದಿಲ್ಲ. ದಿನ ತುಂಬುವ ಮೊದಲೇ ಹೆರಿಗೆ, ಹುಟ್ಟಿದ ಕೂಸಿಗೆ ತೂಕವಿಲ್ಲ. ತಾಯಿ ಮಂಕಾಗಿ ಕೂತರೆ ‘ಬಾಣಂತಿ ಸನ್ನಿ’ ಎಂದು ಹೊಗೆ ಹಾಕುತ್ತೇವೆ. ಕೂಸು ರಾತ್ರಿ ಬೆಚ್ಚಿ ಬಿದ್ದರೆ ದೃಷ್ಟಿ ತೆಗೆಯುತ್ತೇವೆ. ತಾಯತ ಕಟ್ಟುತ್ತೇವೆ. ಹೊಡೆದ ಕೈಯೇ ತಾಯತವನ್ನೂ ಕಟ್ಟುತ್ತದೆ.

ಅಂಗನವಾಡಿಯಲ್ಲಿ ತೂಕ ಹಾಕಿ, ಕೂಸು ಬೆಳೆಯುತ್ತಿಲ್ಲ ಎಂದು ಮೊಟ್ಟೆ ಕೊಡುತ್ತಾರೆ. ಮೊಟ್ಟೆ ಒಳ್ಳೆಯದೇ. ಆದರೆ ಮೊಟ್ಟೆ ತಿಂದ ಕೂಸು ಮತ್ತೆ ಅದೇ ಮನೆಗೆ ಹೋಗಬೇಕು. ತಾಯಿ ಕಾರ್ಡಿನಲ್ಲಿ ತೂಕ ಬರೆಯುತ್ತಾರೆ, ರಕ್ತದ ಲೆಕ್ಕ ಬರೆಯುತ್ತಾರೆ. ಬಾಸುಂಡೆಯ ಲೆಕ್ಕ ಬರೆದದ್ದನ್ನು ನಾನಂತೂ ನೋಡಿಲ್ಲ. ಎಲ್ಲರೂ ಬಾಗಿಲಲ್ಲಿ ಜಾರಿ ಬಿದ್ದವರೇ. ಈ ಭಾಗದ ಬಾಗಿಲುಗಳಷ್ಟು ಜಾರುವ ಬಾಗಿಲು ಲೋಕದಲ್ಲೇ ಇರಲಿಕ್ಕಿಲ್ಲ.

ಕಾನೂನಿಗೇನು ಬರವೇ? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಅದರ ಸಂರಕ್ಷಣಾಧಿಕಾರಿ ಯಾರು? ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ, ಮೊಟ್ಟೆ, ಬಾಲ್ಯವಿವಾಹ, ಮೀಟಿಂಗು ಎಲ್ಲ ಮುಗಿದು ಉಸಿರು ಉಳಿದರೆ ಸಂರಕ್ಷಣೆ. ಬಾಲ್ಯವಿವಾಹವಾದರೆ ಅದು ಮೊದಲಿನಿಂದಲೇ ಅಸಿಂಧು ಎಂದು ನಮ್ಮ ರಾಜ್ಯವು ಬಾಲ್ಯವಿವಾಹ ನಿಷೇಧ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದಿತು. ಮದುವೆ ಅಸಿಂಧು, ಏಟು ಸಿಂಧು. ನಿನ್ನೆಯವರೆಗೆ ಹದಿನಾರರ ಹುಡುಗಿ ಹೆರಿಗೆಯ ದಿನ ರಿಜಿಸ್ಟರಿನಲ್ಲಿ ಹತ್ತೊಂಬತ್ತಾಗುತ್ತಾಳೆ. ಹೆರಿಗೆ ನೋವು ವಯಸ್ಸನ್ನೂ ಹೆಚ್ಚಿಸುತ್ತದೆ ನೋಡಿ.

ಇನ್ನು ಬಸವಣ್ಣ. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ನನಗೂ ಬೇಡ ಎಂದು ಬಾಗೇವಾಡಿಯ ಆ ಹುಡುಗ ಮನೆ ಬಿಟ್ಟ ಎಂಬ ಕಥೆ ಇಲ್ಲಿ ಮಕ್ಕಳಿಗೂ ಬಾಯಿಪಾಠ. 2024ರಲ್ಲಿ ಸರ್ಕಾರ ಆತನನ್ನು ರಾಜ್ಯದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿ ಕಚೇರಿಯಲ್ಲಿ ಫೋಟೋ ಬಂತು. ಆ ಫೋಟೋದ ಕೆಳಗೇ, ಕಂಕುಳಲ್ಲಿ ಕೂಸು ಹೊತ್ತು ನಿಂತವಳಿಗೆ ಉಪದೇಶವೂ ಸಿಗುತ್ತದೆ: “ಹೊಂದ್ಕೊಂಡ ಹೋಗ್ಬೇಕವಾ ತಂಗಿ. ಗಂಡಸಂದಮ್ಯಾಲ ಒಂದೇಟ ಹೊಡೀತಾನ. ಕೂಸಿನ ಮಾರಿ ನೋಡಿ ಸುಮ್ಮನಿರು.”

ಕೂಸಿನ ಮುಖ ನೋಡಬೇಕಾದವಳು ಅವಳೊಬ್ಬಳೇ. ಹೊಡೆಯುವಾಗ ಅವನು ನೋಡಬೇಕಿಲ್ಲ. ಕೂಸು ಮಾತ್ರ ಇಬ್ಬರನ್ನೂ ನೋಡುತ್ತದೆ.

ಇಂಡಿ ಕಡೆಯ ಒಂದು ಹಳ್ಳಿಯ ಪಡಸಾಲೆ. ಮಕ್ಕಳು ಅಡುಗೆ ಆಟ ಆಡುತ್ತಿದ್ದವು. ನಾಲ್ಕು ವರ್ಷದ ಹುಡುಗ ಮಣ್ಣಿನ ರೊಟ್ಟಿ ಬಾಯಿಗಿಟ್ಟ. ಮುಖ ಕಿವಿಚಿದ. ರೊಟ್ಟಿ ಬಡಿದ ಪುಟ್ಟ ಹುಡುಗಿಯ ಜುಟ್ಟು ಹಿಡಿದು ಬೆನ್ನಿಗೆ ಒಂದು ಗುದ್ದಿದ. ಅವಳು ಅಳಲಿಲ್ಲ. ಸೆರಗಿಲ್ಲದ ಹೆಗಲ ಮೇಲೆ ಸೆರಗು ಎಳೆದುಕೊಂಡಂತೆ ಮಾಡಿ ಮತ್ತೆ ರೊಟ್ಟಿ ಬಡಿಯಲು ಕೂತಳು.

ಕಟ್ಟೆಯ ಮೇಲಿದ್ದ ಹಿರಿಯರು ಬಿದ್ದು ಬಿದ್ದು ನಕ್ಕರು. ಅಜ್ಜಿಯಂತೂ ಮೊಮ್ಮಗನ ಗಲ್ಲ ಹಿಡಿದು ಲಟಿಗೆ ಮುರಿದಳು. “ಥೇಟ್ ಅವರಪ್ಪನಂಗ ಅದಾನ ನೋಡ್ರಿ!”