ಬೆಲ್ಟು ಹೊಸ್ತಿಲು ದಾಟಬಹುದೇ?

ಮಳೆಗಾಲದ ಐವರ್ನಾಡಿನಲ್ಲಿ ಕಾಲು ಉಳುಕಿಸಿಕೊಳ್ಳಲು ವಿಶೇಷ ಪ್ರತಿಭೆಯೇನೂ ಬೇಡ. ಅಂಗಳದ ಪಾಚಿ ಬಿಟ್ಟರೆ ತೋಟದ ಕಣಿಗೆ ಅಡ್ಡ ಹಾಕಿದ ಅಡಿಕೆ ಮರದ ಪಾಲ ಉಂಟು. ಅದನ್ನೂ ದಾಟಿದ ಗಟ್ಟಿಗರಿಗೆ ಸೋಗೆಯಡಿ ಅಡಗಿ ಕೂತ ಹಣ್ಣಡಿಕೆ. ಅದು ಉರುಳಿದರೆ ಪಾದ ಒಳಕ್ಕೆ ಮಗುಚಿ, ಹೊರಗಿನ ಗಂಟಿನ ಮುಂದಿರುವ ನಾರು ಜಗ್ಗುತ್ತದೆ. ಸಂಜೆಯೊಳಗೆ ಗಂಟು ಊತದಲ್ಲಿ ಮುಳುಗಿರುತ್ತದೆ. ಬೆಳ್ಳಾರೆಗೋ ಸುಳ್ಯಕ್ಕೋ ಹೋಗಿ, "ಎಲುಬಿಗೆ ಎಂತ ಆಗ್ಲಿಲ್ಲ" ಎಂದು ಹೇಳಿಸಿಕೊಂಡು, ಒಂದು ಬೆಲ್ಟು ಹಿಡಿದುಕೊಂಡು ಬರುವುದು ವಾಡಿಕೆ.

ತಕರಾರು ಶುರುವಾಗುವುದು ಮನೆ ಬಾಗಿಲಲ್ಲಿ. ಈ ಬೆಲ್ಟು ಮಾಡುವವರೆಲ್ಲ ಮನುಷ್ಯರು ಬೆಳಗಿಂದ ರಾತ್ರಿವರೆಗೆ ಶೂ ಹಾಕಿಕೊಂಡೇ ಇರುತ್ತಾರೆ ಎಂದು ನಂಬಿದ ಹಾಗಿದೆ. ನಾವೋ, ಹವಾಯಿ ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ಕಾಲು ತೊಳೆದು ಜಗಲಿ ಹತ್ತುವವರು. ಬೆಲ್ಟು ಚಪ್ಪಲಿಯ ಲೆಕ್ಕವೋ, ಮದ್ದಿನ ಲೆಕ್ಕವೋ?

ಕ್ರೇಪ್ ಬ್ಯಾಂಡೇಜಿಗೆ ಈ ಪ್ರಶ್ನೆ ಇಲ್ಲ. ಬೆರಳ ಬುಡದಿಂದ ಎಂಟರ ಆಕಾರದಲ್ಲಿ ಸುತ್ತುತ್ತ ಮೇಲೇರಿಸಿದರೆ ಅದು ಗಾಯಕ್ಕೆ ಕಟ್ಟಿದ ಬಟ್ಟೆ. ದೇವರ ಕೋಣೆಗೂ ಪ್ರವೇಶ ಉಂಟು. ಬಿಗಿ ಜಾಸ್ತಿಯಾಗಿ ಬೆರಳು ನೀಲಿಯಾದರೆ ಬಿಚ್ಚಿ ಸಡಿಲವಾಗಿ ಸುತ್ತಬೇಕು, ಅಷ್ಟೆ. ಬೆರಳೂ ಹಿಮ್ಮಡಿಯೂ ಹೊರಗೆ ಕಾಣುವ ಎಲಾಸ್ಟಿಕ್ ಆಂಕ್ಲೆಟ್ ಇನ್ನೂ ಸಾಧು. ಊತವನ್ನು ಒತ್ತಿ ಹಿಡಿಯುತ್ತದೆ, ಪಾದ ಮಗುಚಿದರೆ ಮಾತ್ರ ಹೆಚ್ಚೇನೂ ತಡೆಯುವುದಿಲ್ಲ. ಮರ್ಯಾದೆಯೂ ಅಷ್ಟಕ್ಕಷ್ಟೆ. ಅದನ್ನು ಹಾಕಿ ಮದುವೆಗೆ ಹೋದರೆ, "ಭಾವ, ಇನ್ನೊಂದು ಸಾಕ್ಸ್ ಎಲ್ಲಿ ಹೋಯ್ತು?" ಎಂದು ಕೇಳುತ್ತಾರೆ.

ನನಗೆ ಸಿಕ್ಕಿದ್ದು ಅದಕ್ಕಿಂತ ಮೇಲಿನದು. ಗಂಟಿನ ಎರಡೂ ಬದಿಗೆ ಗಟ್ಟಿ ಪ್ಲಾಸ್ಟಿಕ್ ಹಲಗೆ, ಅದರೊಳಗೆ ಗಾಳಿಯ ದಿಂಬು, ಹಿಮ್ಮಡಿಯ ಅಡಿಯಿಂದ ಹಾದುಹೋಗುವ ಪಟ್ಟಿ. ಪಾದ ಮೇಲೆ ಕೆಳಗೆ ಆಡಬಹುದು, ಪಕ್ಕಕ್ಕೆ ಮಾತ್ರ ಮಗುಚಕೂಡದು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇದನ್ನು ಹಾಕಿ ತೋಟಕ್ಕೆ ಹೋಗಿದ್ದೀಯಾ?"

"ಹೋಗಿದ್ದೆ."

"ಹಾಗಾದ್ರೆ ಅದು ಚಪ್ಪಲಿ."

ಈ ತೀರ್ಪಿಗೆ ಅಪೀಲು ಇರಲಿಲ್ಲ. ಬೆಲ್ಟಿನ ಅಡಿಪಟ್ಟಿಯನ್ನು ಬ್ರಷ್ಷಿನಲ್ಲಿ ಉಜ್ಜಿ, ಬಚ್ಚಲ ಒಲೆಯ ಹತ್ತಿರ ಒಣಗಲು ಇಟ್ಟೆ. ಆಷಾಢದಲ್ಲಿ ಒಣಗಬೇಕಲ್ಲ! ಅದು ಒಣಗುವವರೆಗೆ ಅದರ ಯಜಮಾನ ಗೋಡೆ ಹಿಡಿದು ನಡೆದ.

ನಿಜವಾದ ಗೌರವ ಇರುವುದು ಮೊಣಕಾಲ ಕೆಳಗಿನವರೆಗೆ ಬರುವ ವಾಕರ್ ಬೂಟಿಗೆ. ಎಲುಬು ಬಿರುಕು ಬಿಟ್ಟವರ ಕಾಲಿಗೆ ಪ್ಲಾಸ್ಟರಿನ ಬದಲು, ಅಥವಾ ಪ್ಲಾಸ್ಟರು ಬಿಚ್ಚಿದ ಮೇಲೆ, ಅದನ್ನು ಹಾಕುವುದುಂಟು. ಬಸ್ಸಿನಲ್ಲಿ ಕೇಳದೆಯೇ ಸೀಟು. ಜಂಬರದ ಊಟಕ್ಕೆ ಹೋದರೆ, "ಅವರಿಗೆ ನೆಲದಲ್ಲಿ ಬೇಡ, ಮೇಜು ಹಾಕಿ ಮಾರಾಯ್ರೆ!"

ಗೌರವ ಸಿಗದೆ ದುಡಿಯುವ ಒಂದು ಬೆಲ್ಟುಂಟು. ಮೀನಖಂಡದ ಹಿಂದಿನಿಂದ ಇಳಿದು ಪಾದದ ಅಡಿಗೆ ಬಾಗುವ ತೆಳು ಪ್ಲಾಸ್ಟಿಕ್ ಅದು. ಪಾರ್ಶ್ವವಾಯುವಿನ ನಂತರ ಪಾದ ಎತ್ತಲಾಗದೆ ಬೆರಳು ನೆಲಕ್ಕೆ ತಾಗಿ ಎಡವುವವರಿಗೆ ಪಾದವನ್ನು ನೇರ ಹಿಡಿದುಕೊಡುತ್ತದೆ. ಪ್ಯಾಂಟಿನೊಳಗೆ ಯಾರಿಗೂ ಕಾಣುವುದಿಲ್ಲ. ನಮ್ಮ ದೊಡ್ಡಪ್ಪನಿಗೆ ಅದು ಬಂತು. ಶೂ ಇಲ್ಲದೆ ಬರೀ ಪ್ಲಾಸ್ಟಿಕ್ಕಿನಲ್ಲಿ ಮನೆಯ ನುಣುಪು ನೆಲದ ಮೇಲೆ ಕಾಲಿಟ್ಟರೆ ಜಾರಿ ಬೀಳುವುದೇ. ನನ್ನ ಬೆಲ್ಟಿಗೆ ಹೊಸ್ತಿಲು ದಾಟಲು ಬಿಡದ ಅಮ್ಮ ಪುತ್ತೂರಿನಿಂದ ಅಳತೆಗೆ ಸರಿಯಾದ ಹೊಸ ಶೂ ತರಿಸಿ, ಲೇಸು ತಾವೇ ಕಟ್ಟಿ, "ಇದು ಒಳಗಿನದ್ದು, ಅಂಗಳಕ್ಕೆ ಇಳಿಸ್ಬೇಡಿ" ಎಂದರು. ಶೂ ಹಾಕಿದ ಕಾಲು ನಮ್ಮ ಪಡಸಾಲೆಯಲ್ಲಿ ಓಡಾಡಿದ್ದು ಅದೇ ಮೊದಲು.

ಅಡಿಕೆಗೆ ಬೋರ್ಡೋ ಮದ್ದು ಹೊಡೆಯಲು ಬಂದಿದ್ದ ಮರ ಹತ್ತುವವನಿಗೆ ಜಗಲಿಯ ಕಂಬಕ್ಕೆ ನೇತುಹಾಕಿದ್ದ ನನ್ನ ಬೆಲ್ಟಿನ ಮೇಲೆ ಕಣ್ಣು ಬಿತ್ತು. ವಾಸಿಯಾಯಿತಲ್ಲ, ನೀನು ಬೇಕಾದರೆ ಇಟ್ಟುಕೋ ಎಂದೆ. ಕಾಲಿಗೆ ಹಾಕಿಸಿಕೊಂಡ. ಮೇಲಿನಿಂದ ಎರಡೂ ಪಾದಕ್ಕೆ ತಳೆ ಸಿಕ್ಕಿಸಿ ಅಡಿಕೆ ಮರವನ್ನು ತಬ್ಬಿದ. ಮರ ಹತ್ತುವುದೆಂದರೆ ಎರಡೂ ಅಂಗಾಲು ಒಳಕ್ಕೆ ತಿರುಗಿ ಕಾಂಡವನ್ನು ಕಚ್ಚಿ ಹಿಡಿಯಬೇಕು. ಬೆಲ್ಟು ಹುಟ್ಟಿದ್ದೇ ಪಾದವನ್ನು ಹಾಗೆ ತಿರುಗಲು ಬಿಡಬಾರದೆಂದು. ಮೊಳ ದೂರವೂ ಏರದೆ ಇಳಿದ.

"ಅಣ್ಣ, ಇದು ಕೆಲಸಕ್ಕೆ ಹೋಗದ ಹಾಗೆ ಮಾಡಿದ್ದು," ಎಂದು ಬಿಚ್ಚಿ ಕೈಗೆ ಕೊಟ್ಟ. "ನಿಮಗೇ ಸರಿ."